ಪಂಚರ್ ಅಣ್ಣನ ಪ್ರಶ್ನೆ

ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದದ್ದು ಹೋದ ತಿಂಗಳು, ಪಾಂಡವಪುರ ದಾಟಿ ಸ್ವಲ್ಪ ದೂರ ಹೋದ ಮೇಲೆ. ಕ್ಯಾತನಹಳ್ಳಿಗೆ ಹೊರಟಿದ್ದೆ. ನನ್ನದು ಹಳೆಯ ಸ್ಕೂಟರು. ಹಿಂದಿನ ಚಕ್ರ ಅತ್ತಿತ್ತ ಎಳೆಯತೊಡಗಿತು, ಇಳಿದು ನೋಡಿದರೆ ಟೈರು ನೆಲಕ್ಕೆ ಅಂಟಿಕೊಂಡಿತ್ತು. ತಳ್ಳಿಕೊಂಡು ಹೋಗಿ ಆಲೆಮನೆಯ ಪಕ್ಕದ ಒಂದು ತಗಡಿನ ಅಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವರು ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿ ತೂತು ಹುಡುಕಿ, ಒರೆಸಿ, ಉಜ್ಜಿ, ಸಲ್ಯೂಷನ್ ಹಚ್ಚಿದರು. ಒಣಗುವ ತನಕ ಕಾಯಬೇಕಿತ್ತು. ಕಲ್ಲಿನ ಮೇಲೆ ಕೂತೆ.

ಎಂಟು ತಿಂಗಳು ನಾನು ಇದೇ ವಾಸನೆಯ ಹಿಂದೆ ಕೂತು ನಾಲ್ಕು ತಾಲ್ಲೂಕು ಸುತ್ತಿದ್ದೇನೆ. ಅದು ಅಣ್ಣನ ಅಂಗಿಯಲ್ಲಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅವತ್ತು ಅದು ಮೂಗಿಗೆ ಬಂದಾಗ ನನಗೆ ದುಃಖವಾಗಬೇಕಿತ್ತೇನೋ... ಆಗಲಿಲ್ಲ. ಗಡಿಯಾರ ನೋಡಿಕೊಂಡೆ. ಅಷ್ಟೆ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ಪಾಂಡವಪುರದಲ್ಲಿ ಪಂಚರ್ ಅಂಗಡಿ ಇಟ್ಟಿದ್ದವರು. ಊರವರೆಲ್ಲ ಪಂಚರ್ ಅಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಊರು ಕ್ಯಾತನಹಳ್ಳಿ, ಕಬ್ಬು ಬೆಳೆಯುವ ಮನೆತನ. ಹರೆಯದಲ್ಲಿ ಎಳನೀರು ಕೆಡವಲು ಹತ್ತಿದ ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಗದ್ದೆ ಕೆಲಸ ತಮ್ಮಂದಿರ ಪಾಲಾಯಿತು, ಇವರು ಕೂತು ಮಾಡುವ ಕೆಲಸ ಕಲಿತರು. ಸ್ಪರ್ಶವಿಲ್ಲದ ಮೈ ಒಂದೇ ಕಡೆ ಒತ್ತಿಕೊಂಡರೆ ಹುಣ್ಣಾಗುತ್ತದೆ ಎಂದು ಹಳೆಯ ಟ್ಯೂಬುಗಳನ್ನು ಜೋಡಿಸಿ ಕಟ್ಟಿ ತಮಗೆ ತಾವೇ ಒಂದು ದಿಂಬು ಮಾಡಿಕೊಂಡಿದ್ದರು. ಅದರ ಮೇಲೆ ಕೂತು ಊರಿನ ಸೈಕಲ್ಲು, ಬೈಕುಗಳ ಕಷ್ಟ ಸುಖ ವಿಚಾರಿಸುತ್ತಿದ್ದರು.

ನಾನು ಗಂಜಾಂನವಳು. ಎಂ.ಎ. ಮುಗಿಸಿ ಒಂದು ಆರೋಗ್ಯ ಸಂಶೋಧನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಗಳಿಗೆ ಹೋಗಿ, ಅವರಿಗೆ ಮತ್ತೆ ಮತ್ತೆ ಮೂತ್ರದ ಸೋಂಕು ಯಾಕಾಗುತ್ತದೆ ಎಂದು ತಿಳಿಯುವುದು ನಮ್ಮ ಕೆಲಸ. ಈ ಅಧ್ಯಯನಕ್ಕೆ ನೆರವು ಕೊಟ್ಟವರು ಒಂದು ಷರತ್ತು ಹಾಕಿದ್ದರು. ಅಂಗವಿಕಲರ ಬಗ್ಗೆ ಅಧ್ಯಯನ ಮಾಡುವ ತಂಡದಲ್ಲಿ ಅಂಗವಿಕಲರೂ ಸಂಶೋಧಕರಾಗಿ ಇರಬೇಕು, ಬರೀ ಮಾಹಿತಿ ಕೊಡುವವರಾಗಿ ಅಲ್ಲ. ತಂಡದ ಮುಖ್ಯಸ್ಥರಾದ ಡಾಕ್ಟರು ಅಲ್ಲಿ ಇಲ್ಲಿ ವಿಚಾರಿಸಿ ಕೊನೆಗೆ ಪಂಚರ್ ಅಣ್ಣನನ್ನು ಹುಡುಕಿ ತಂದರು. ಷರತ್ತು ಪೂರೈಸಿತು ಎಂದು ನಾವೆಲ್ಲ ನಿರಾಳವಾದೆವು. ಅದಕ್ಕಿಂತ ಹೆಚ್ಚಿನದೇನನ್ನೂ ನಾನಾಗಲಿ ಡಾಕ್ಟರಾಗಲಿ ಅವರಿಂದ ನಿರೀಕ್ಷಿಸಿರಲಿಲ್ಲ ಎನ್ನುವುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ತರಬೇತಿ ನಡೆದದ್ದು ಶ್ರೀರಂಗಪಟ್ಟಣದ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ಅಂಗವಿಕಲರನ್ನು ಸಂಶೋಧಕರನ್ನಾಗಿ ಮಾಡುವ ತರಬೇತಿ, ಅದೂ ಮಹಡಿ ಮೇಲೆ! ಯಾರಿಗೂ ಹೊಳೆದಿರಲಿಲ್ಲ. ಮೊದಲ ದಿನ ಇಬ್ಬರು ಸೇರಿ ಅಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಎರಡನೇ ದಿನ ಅಣ್ಣ ಮೆಟ್ಟಿಲ ಬುಡದಲ್ಲೇ ತಮ್ಮ ಸ್ಕೂಟರಿನ ಮೇಲೆ ಕೂತುಬಿಟ್ಟರು. ಅದು ಹಿಂದೆ ಎರಡು ಪುಟ್ಟ ಚಕ್ರ ಸೇರಿಸಿದ, ಎಲ್ಲವನ್ನೂ ಕೈಯಲ್ಲೇ ನಡೆಸುವ ಸ್ಕೂಟರು. ಡಾಕ್ಟರು ಮೇಲಿನಿಂದ ಬಗ್ಗಿ ನೋಡಿದರು.

"ನೀವೇ ಇಳ್ಕೊಂಡ್ ಬನ್ನಿ ಸಾರ್," ಎಂದರು ಅಣ್ಣ. "ನಿಮ್ಗಾದ್ರೆ ಕಾಲ್ ಅವೆ."

ಡಾಕ್ಟರ ಮುಖ ಕೆಂಪಾಯಿತು. ಉಳಿದ ತರಬೇತಿ ಅಂಗಳದ ಹೊಂಗೆ ಮರದ ಕೆಳಗೆ ನಡೆಯಿತು. ಯಾರೋ ಮಾತಿನ ನಡುವೆ, ಈಗ ಅಂಗವಿಕಲ ಎನ್ನಬಾರದು, ವಿಕಲಚೇತನ ಎನ್ನಬೇಕು, ಅದೂ ಹಳೆಯದಾಯಿತು, ವಿಶೇಷಚೇತನ ಎನ್ನಬೇಕು ಎಂದು ತಿದ್ದಿದರು. ಅಣ್ಣ ನನ್ನ ಕಡೆ ವಾಲಿ, "ಎಸ್ರು ಬದ್ಲಾಯಿಸ್ತಾನೇ ಅವ್ರೆ ಕಣವ್ವ, ಮೆಟ್ಲು ಮಾತ್ರ ಅಂಗೇ ಅದೆ" ಎಂದು ಪಿಸುಗುಟ್ಟಿದರು. ನಗು ತಡೆಯಲಾಗದೆ ನಾನು ಕೆಮ್ಮಿದೆ. ನಮ್ಮ ಸ್ನೇಹ ಶುರುವಾದದ್ದು ಅಲ್ಲಿಂದ.

ಕೊನೆಯ ದಿನ ಡಾಕ್ಟರು, ಅಧ್ಯಯನ ಮುಗಿದ ಮೇಲೆ ಅದನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ, ಕೆಲಸ ಮಾಡಿದ ಸಂಶೋಧಕರ ಹೆಸರೆಲ್ಲ ಅದರಲ್ಲಿ ಅಚ್ಚಾಗುತ್ತದೆ ಎಂದರು. ಅಣ್ಣ ತಟ್ಟನೆ ಕೇಳಿದರು.

"ನಂದೂ ಬತ್ತದಾ ಸಾರ್?"

"ಖಂಡಿತ."

"ಸಂಶೋಧಕ ಅಂತ್ಲೇ?"

"ಮತ್ತೆ ಇನ್ನೇನಂತ?" ಎಂದು ಡಾಕ್ಟರು ನಕ್ಕರು.

ಅಣ್ಣ ನಗಲಿಲ್ಲ. ಅವತ್ತು ನನ್ನನ್ನು ಸ್ಕೂಟರಿನಲ್ಲಿ ಗಂಜಾಂಗೆ ಬಿಡಲು ಬಂದಾಗ ನಿಮಿಷಾಂಬ ದೇವಸ್ಥಾನದ ದಾರಿಯಲ್ಲಿ ಗಾಡಿ ನಿಲ್ಲಿಸಿ ಹೇಳಿದರು: "ಬಿದ್ದಾಗಿಂದ ನನ್ನೆಸ್ರು ಎಲ್ಲಾ ಲಿಸ್ಟ್ನಾಗೂ ಅದೆ ಕಣವ್ವ. ಪಿಂಚಣಿ ಲಿಸ್ಟು, ಕ್ಯಾಂಪಿನ್ ಲಿಸ್ಟು, ಹಣ್ ಅಂಚೋರ್ ಲಿಸ್ಟು. ಎಲ್ಲದ್ರಾಗೂ ಫಲಾನುಭವಿ. ಬಂದೋರೆಲ್ಲ ಕೇಳ್ತಾರೆ, ನಾ ಏಳ್ತೀನಿ, ಬರ್ಕಂಡ್ ಓಯ್ತಾರೆ. ಕೇಳೋರ್ ಲಿಸ್ಟ್ನಾಗೆ ಒಂದ್ಸಲ ನನ್ನೆಸ್ರು ಬರ್ಬೇಕು. ಸಾಯೋದ್ರೊಳ್ಗೆ."

"ಬತ್ತದೆ ಬುಡಣ್ಣ," ಎಂದೆ ನಾನು. ಎಷ್ಟು ಸಲೀಸಾಗಿ ಹೇಳಿದೆ!

'ಸಮುದಾಯ ಸಂಶೋಧಕ' ಎಂದು ಬರೆದ ಗುರುತಿನ ಚೀಟಿ ಕೊಟ್ಟಿದ್ದರು. ಅದನ್ನು ಅಣ್ಣ ಅಂಗಡಿಯಲ್ಲಿ ಟೈರು ಬಿಚ್ಚುವಾಗಲೂ ಕೊರಳಿಂದ ತೆಗೆಯುತ್ತಿರಲಿಲ್ಲ. ಗಿರಾಕಿಗಳು ಚುಡಾಯಿಸಿದರೆ, "ನಿನ್ ಟ್ಯೂಬ್ನೂ ಸಂಶೋಧ್ನೆ ಮಾಡ್ತಾವ್ನಿ, ಸುಮ್ನಿರ್ಲಾ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮೊದಲು ಹೋದದ್ದು ಪಾಲಹಳ್ಳಿಗೆ, ಪ್ರಶ್ನೆಗಳನ್ನು ಪರೀಕ್ಷೆ ಮಾಡಿ ನೋಡಲು. ಅಣ್ಣ ಸ್ಕೂಟರನ್ನು ಮನೆಯ ಜಗಲಿಗೆ ತಾಗಿಸಿ ನಿಲ್ಲಿಸುತ್ತಿದ್ದರು. ಮೊದಲು ಟ್ಯೂಬಿನ ದಿಂಬನ್ನು ಜಗಲಿಗೆ ಎಸೆದು, ಆಮೇಲೆ ಕೈಯೂರಿ ತಾವು ಅದರ ಮೇಲೆ ಜರುಗುತ್ತಿದ್ದರು. ಪಾಲಹಳ್ಳಿಯ ಆ ಮನೆಯಲ್ಲೂ ಒಬ್ಬ ತೆಂಗಿನ ಮರದಿಂದ ಬಿದ್ದವನೇ. ನಾನು ಫಾರಂ ಹಿಡಿದು ಓದಿದೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ? ಅವನು ಬಾಯಿ ಬಿಡುವ ಮೊದಲೇ ಅವನ ಅಪ್ಪ, "ಬೇಕಾದಂಗೆ ಕುಡೀತಾನೆ, ಮನೇಲಿ ನೀರಿಗೇನು ಬರವಾ" ಎಂದರು. ನಾನು ಬರೆದುಕೊಂಡೆ. ಅಣ್ಣ ಫಾರಂ ಕೆಳಗಿಡಿಸಿದರು.

"ವಸಿ ಆಚೆ ಇರಿ ಯಜಮಾನ್ರೇ, ನಾವ್ನಾವೇ ಮಾತಾಡ್ಕತೀವಿ," ಎಂದು ಅಪ್ಪನನ್ನು ಹೊರಗೆ ಕಳಿಸಿದರು. ನಂತರ ಆ ಹುಡುಗನ ಕಡೆ ತಿರುಗಿ ಕೇಳಿದರು: "ನೆಂಟ್ರು ಮನ್ಗೋಗೋ ದಿಸ ಎಷ್ಟು ನೀರ್ ಕುಡೀತೀಯ?"

ಅವನು ಅಣ್ಣನ ಕಾಲುಗಳನ್ನು ನೋಡಿದ. "ಏನೂ ಇಲ್ಲ ಕಣಣ್ಣ," ಎಂದ. "ಮುಂಚಿನ್ ದಿಸ ಸಾಯಂಕಾಲ್ದಿಂದ್ಲೇ ನಿಲ್ಲುಸ್ಬುಡ್ತೀನಿ."

ನಮಗೆ ಬೇಕಾಗಿದ್ದ ಉತ್ತರ ಅದೇ. ಇವರು ನಳಿಕೆ ಹಾಕಿಕೊಂಡು ಮೂತ್ರ ತೆಗೆಯಬೇಕು. ಅದಕ್ಕೆ ಚೊಕ್ಕಟವಾದ, ಮೆಟ್ಟಿಲಿಲ್ಲದ, ಬಾಗಿಲು ಅಗಲವಾಗಿರುವ ಜಾಗ ಬೇಕು. ಅಂಥ ಜಾಗ ಊರಲ್ಲೂ ಇಲ್ಲ, ಬಸ್ ಸ್ಟ್ಯಾಂಡಿನಲ್ಲೂ ಇಲ್ಲ, ನೆಂಟರ ಮನೆಯಲ್ಲೂ ಇಲ್ಲ. ಹಾಗಾಗಿ ನೀರೇ ಕುಡಿಯುವುದಿಲ್ಲ. ಕುಡಿಯದೆ ಕುಡಿಯದೆ ಸೋಂಕು. ಡಾಕ್ಟರು ನೆಂಟರ ಮನೆಯ ಬದಲು 'ಹೊರಗಡೆ' ಎಂದಷ್ಟೇ ಮಾಡಿ ಆ ಪ್ರಶ್ನೆಯನ್ನು ಫಾರಮ್ಮಿಗೆ ಸೇರಿಸಿದರು. ತಂಡದಲ್ಲಿ ನಾವೆಲ್ಲ ಅದನ್ನು 'ಅಣ್ಣನ ಪ್ರಶ್ನೆ' ಎಂದೇ ಕರೆಯುತ್ತಿದ್ದೆವು. ಓದಿದ ನಮಗೆ ಹೊಳೆಯದ ಪ್ರಶ್ನೆ ಅವರಿಗೆ ಹೇಗೆ ಹೊಳೆಯಿತು? ಅನುಭವಸ್ಥರು ಎಂದುಕೊಂಡು ಸುಮ್ಮನಾದೆ.

ಆಮೇಲಿನ ತಿಂಗಳುಗಳಲ್ಲಿ ಊರೂರು ಅಲೆದೆವು. ನಮ್ಮ ಕಡೆ ಮನೆಗೆ ಬಂದವರನ್ನು ಬರಿಗಂಟಲಲ್ಲಿ ಕಳಿಸುವುದಿಲ್ಲ. ಕೂತ ತಕ್ಷಣ ಮಜ್ಜಿಗೆಯೋ ಪಾನಕವೋ ಕಾಫಿಯೋ ಎರಡು ಲೋಟ ಬಂದೇ ಬರುತ್ತಿತ್ತು. ಅಣ್ಣ ತಮ್ಮ ಲೋಟವನ್ನು ತುಟಿಗೆ ತಾಗಿಸಿ, ಮನೆಯವರು ಅತ್ತ ತಿರುಗಿದಾಗ ನನ್ನ ಕಡೆ ಸರಿಸುತ್ತಿದ್ದರು. ನಾನು ಕುಡಿದು ಮುಗಿಸಬೇಕು. ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಮನೆಯಾತ ಇದನ್ನು ನೋಡಿಬಿಟ್ಟ. "ಯಾಕೆ, ನಮ್ಮನೆ ಮಜ್ಗೆ ಆಗಾಕಿಲ್ವಾ ನಿಮ್ಗೆ?" ಎಂದು ಮುಖ ಗಂಟಿಕ್ಕಿದ. "ನೆಗಡಿ ಕಣಪ್ಪ, ಬೇಜಾರ್ ಮಾಡ್ಕಬ್ಯಾಡ" ಎಂದು ಅಣ್ಣ ಮೂಗು ಸೊರ್ರೆಂದು ಎಳೆದು ತೋರಿಸಿದರು. ಹೊರಗೆ ಬಂದ ಮೇಲೆ ನಾನು ಜಗಳವಾಡಿದೆ. ಮೂರು ಮನೆ ಮುಗಿಸುವ ಹೊತ್ತಿಗೆ ನನ್ನ ಹೊಟ್ಟೆ ಡೊಳ್ಳಾಗುತ್ತದೆ, ಯಾರದೋ ಹಿತ್ತಲಿಗೆ ಓಡಬೇಕಾಗುತ್ತದೆ, ನಿಮ್ಮದೊಂದು ಬಿಂಕ ಎಂದೆ. ಅಣ್ಣ ನಕ್ಕು ಗಾಡಿ ಚಾಲೂ ಮಾಡಿದರು.

ಕೆಲಸದಲ್ಲಿ ಮಾತ್ರ ಅವರದು ಒಂದು ಹಟವಿತ್ತು. ಫಾರಮ್ಮಿನ ಮೊದಲ ಪುಟದಲ್ಲಿ ಒಪ್ಪಿಗೆ ಪಡೆಯುವ ಮಾತುಗಳಿದ್ದವು. ನಾನು ಅದನ್ನು ಗಡಗಡ ಓದಿ ಮುಗಿಸುತ್ತಿದ್ದೆ. ಅಣ್ಣ ತಡೆದು, ತಮ್ಮ ಮಾತಿನಲ್ಲಿ ಮತ್ತೆ ಹೇಳುತ್ತಿದ್ದರು. "ಇಷ್ಟ ಇದ್ರೆ ಏಳು, ಇಲ್ದಿದ್ರೆ ಬುಡು. ಇವತ್ತು ಏಳ್ಬುಟ್ಟು ನಾಳೆ ಬ್ಯಾಡ ಅನ್ಸುದ್ರೆ ಫೋನ್ ಮಾಡು, ಅಳಿಸಾಕ್ತೀವಿ. ಯಾಕೆ ಅಂತ ಕೇಳಾಕಿಲ್ಲ." ಪ್ರತಿ ಮನೆಯಲ್ಲೂ ಅದೇ ಮಾತು.

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಒಬ್ಬ ಹೆಂಗಸು ನಿಜಕ್ಕೂ ಫೋನು ಮಾಡಿದಳು. ಹುಲ್ಲಿನ ಮೆದೆಯಿಂದ ಬಿದ್ದವಳು. ಹಿಂದಿನ ದಿನ ಒಂದು ಗಂಟೆ ಕೂತು, ಹಾಸಿಗೆ ಒದ್ದೆಯಾಗುವುದು, ಗಂಡ ಬೇರೆ ಕೋಣೆಯಲ್ಲಿ ಮಲಗುವುದು, ಎಲ್ಲ ಹೇಳಿದ್ದಳು. ಬೆಳಿಗ್ಗೆ ಎದ್ದಾಗ ಭಯವಾಗಿರಬೇಕು. "ತಗ್ದಾಕ್ಬುಡಣ್ಣ, ನಮ್ಮತ್ತೆಗೆ ಗೊತ್ತಾದ್ರೆ ಕಷ್ಟ" ಎಂದಳು. ಹೆಸರೇ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಹಾಗೇ ಇರಲಿ ಬಿಡಿ ಎಂದು ನಾನು ಅಣ್ಣನಿಗೆ ಹೇಳಿದೆ. ಆ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

"ಮಾತ್ ಕೊಟ್ಟಿವ್ನಿ," ಎಂದರು ಅಣ್ಣ. "ಅಳ್ಸು. ನನ್ ಮುಂದೇನೇ ಅಳ್ಸು."

ಫಾರಮ್ಮುಗಳಿದ್ದ ಟ್ಯಾಬ್ ತೆಗೆದು ಅವರ ಮುಂದೆಯೇ ಅಳಿಸಿದೆ. ಒಂದು ದಿನದ ದುಡಿಮೆ ನೀರಿಗೆ ಬಿತ್ತು ಎಂದು ಮನಸ್ಸಿನಲ್ಲೇ ಗೊಣಗಿಕೊಂಡೆ. ನಮಗೆ ಇಷ್ಟು ಜನರ ಮಾಹಿತಿ ಬೇಕೆಂದು ಮೊದಲೇ ನಿಗದಿಯಾಗಿತ್ತು. ಅದರಲ್ಲಿ ಒಬ್ಬರು ಕಡಿಮೆಯಾದರು.

ಆ ಒಬ್ಬರನ್ನು ತುಂಬಿಸುವ ಮೊದಲೇ ಅಣ್ಣನಿಗೆ ಜ್ವರ ಬಂತು. ಮೊದಲು ಊರಲ್ಲೇ ಮಾತ್ರೆ ನುಂಗಿದರು. ಚಳಿ ಹಿಡಿದು ನಡುಗತೊಡಗಿದ ಮೇಲೆ ತಮ್ಮಂದಿರು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದು ಅಲ್ಲಿಯವರು ಹೇಳಿದರು.

ನಾನು ನೋಡಲು ಹೋದದ್ದು ಒಂದು ಮಧ್ಯಾಹ್ನ. ಜ್ವರ ಇಳಿದಿತ್ತು, ಗೆಲುವಾಗಿದ್ದರು. ಅವರ ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಮೂಸಂಬಿ ಸುಲಿಯುತ್ತಿದ್ದರು. ಗುರುತಿನ ಚೀಟಿ ದಿಂಬಿನ ಪಕ್ಕ ಇತ್ತು. ಅಷ್ಟರಲ್ಲಿ ಡಾಕ್ಟರ ಫೋನು ಬಂತು. ಮಾಹಿತಿ ಕಳಿಸಲು ಇನ್ನೆರಡೇ ದಿನ ಉಳಿದಿದೆ, ಆ ಒಬ್ಬರನ್ನು ಹೇಗಾದರೂ ಸೇರಿಸಿ ಎಂದರು. ಫೋನಿಟ್ಟು ಅಣ್ಣನಿಗೆ ವಿಷಯ ಹೇಳಿದೆ. "ನಿಮ್ಮನ್ನೇ ಕೇಳ್ಬುಡ್ಲಾ?" ಎಂದು ತಮಾಷೆ ಮಾಡಿದೆ.

"ಕೇಳು ನೋಡಾನ. ನೀನೆಂಗ್ ಕೇಳ್ತೀಯ ಅಂತಾನಾದ್ರೂ ಗೊತ್ತಾಯ್ತದೆ," ಎಂದರು.

ಟ್ಯಾಬ್ ತೆಗೆದೆ. ಮೊದಲ ಪುಟ ಒಪ್ಪಿಗೆಯದು. ಅಣ್ಣನಿಗೆ ಬಾಯಿಪಾಠವಾಗಿರುವ ಮಾತನ್ನು ಅಣ್ಣನಿಗೇ ಏನು ಓದುವುದು ಎಂದುಕೊಂಡೆ. ಒಪ್ಪಿದ್ದಾರೆ ಎನ್ನುವ ಚೌಕದಲ್ಲಿ ನಾನೇ ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ನಾನು ಕೇಳಿದೆ, ಅವರು ಹೇಳಿದರು. ನಡುನಡುವೆ ಮೇಷ್ಟರ ಹಾಗೆ ತಿದ್ದಿದರು. "ಅಂಗಲ್ಲ, ಮುಖ ನೋಡ್ಕಂಡ್ ಕೇಳು. ಟ್ಯಾಬ್ನ ಕೇಳ್ತಾ ಇದ್ದೀಯಲ್ಲ." ಅವರ ಅವ್ವ ನಗುತ್ತಿದ್ದರು. ಹಾಗೇ ಅಣ್ಣನ ಪ್ರಶ್ನೆಯವರೆಗೂ ಬಂದೆವು. ಮುಖ ನೋಡಿಕೊಂಡೇ ಕೇಳಿದೆ.

"ಹೊರ್ಗಡೆ ಹೋಗೋ ದಿಸ ಎಷ್ಟು ನೀರ್ ಕುಡೀತೀರಣ್ಣ?"

ಅವರು ಅವ್ವನ ಕಡೆ ನೋಡಿದರು. "ಓಗಿ ಬಿಸ್ನೀರ್ ತಗಬಾ ಅವ್ವ," ಎಂದು ಎಬ್ಬಿಸಿ ಕಳಿಸಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು.

"ಬೆಳಗ್ಗೆ ಮಾತ್ರೆ ಜತೆ ಒಂದು ಗುಟ್ಕು. ಆಮ್ಯಾಕೆ ಮನೆ ಸೇರೋಗಂಟ ಏನೂ ಇಲ್ಲ."

"ಯಾವಾಗ್ಲಿಂದ?"

"ಈ ಕೆಲ್ಸಕ್ ಸೇರ್ದಾಗಿಂದ. ಅಂಗ್ಡೀಲಿ ತೊಂದ್ರೆ ಇರ್ನಿಲ್ಲ, ಇಂದ್ಗಡೆ ತಡಿಕೆ ಕಟ್ಕಂಡಿದ್ದೆ."

ಎಂಟು ತಿಂಗಳು. ಬೇಸಿಗೆ ಪೂರ್ತಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಡಿ ಓಡಿಸಿದ್ದು ಅವರು, ಹಿಂದೆ ಕೂತು ಅವರ ಪಾಲಿನ ಲೋಟಗಳನ್ನೂ ಕುಡಿದದ್ದು ನಾನು. ತರಬೇತಿಯ ಕಟ್ಟಡದ ಶೌಚಾಲಯ ಮಹಡಿಯ ಮೇಲಿತ್ತು. ನಾವು ಊಟಕ್ಕೆ ನಿಲ್ಲಿಸುತ್ತಿದ್ದ ಹೋಟೆಲುಗಳದ್ದು ಒಂದಾಳು ಅಡ್ಡಡ್ಡ ನುಗ್ಗುವಂಥದ್ದು. ಎಲ್ಲವೂ ಆಗ ಒಂದೊಂದಾಗಿ ನೆನಪಿಗೆ ಬಂತು...

"ನಂಗ್ಯಾಕೆ ಏಳ್ನಿಲ್ಲ ಅಣ್ಣ?"

"ನೀ ಕೇಳ್ನಿಲ್ವಲ್ಲ," ಎಂದರು. ಸಿಟ್ಟಿನಿಂದ ಹೇಳಲಿಲ್ಲ. "ಏಳಿದ್ರೆ ನಿಮ್ ಡಾಕ್ಟ್ರು, ಪಾಪ ಇವ್ನ ಕೈಲಾಗಾಕಿಲ್ಲ ಅಂತ ಮನೇಲಿ ಕೂರುಸ್ಬುಡೋರು. ಆಮ್ಯಾಕೆ ಎಸ್ರೆಲ್ಲಿ ಬಂದದು?"

ನಾನು ಉತ್ತರವನ್ನು ಟ್ಯಾಬಿನಲ್ಲಿ ಒತ್ತಿದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿದೆ. ಏಳುವಾಗ ಅಣ್ಣ ಕೈ ಹಿಡಿದು ನಿಲ್ಲಿಸಿದರು.

"ಅದ್ನ ಅಳಿಸ್ಬುಡು. ನಾ ಕೇಳೋನು ಕಣವ್ವ. ನನ್ನ ಅದ್ರೊಳಿಕೆ ಸೇರುಸ್ಬ್ಯಾಡ."

"ಹೂಂ ಅಣ್ಣ," ಎಂದೆ.

ಶ್ರೀರಂಗಪಟ್ಟಣದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಟ್ಯಾಬ್ ತೆರೆದೆ. ಅಳಿಸುವ ಗುಂಡಿಯೂ ಕಳಿಸುವ ಗುಂಡಿಯೂ ಒಂದರ ಪಕ್ಕ ಒಂದು ಇದ್ದವು. ಇನ್ನೊಬ್ಬರನ್ನು ಹುಡುಕಲು ಮತ್ತೆ ನಾಗಮಂಗಲದವರೆಗೆ ಹೋಗಬೇಕು, ಒಬ್ಬಳೇ, ಬಸ್ಸಿನಲ್ಲಿ. ಇಷ್ಟು ಖಚಿತವಾದ ಉತ್ತರ ಬೇರೆ ಯಾರೂ ಕೊಟ್ಟಿಲ್ಲ. ಹೆಸರು ಹೇಗೂ ಇರುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಹೀಗೆಲ್ಲ ಯೋಚಿಸಿದೆ ಎಂದು ಈಗ ಹೇಳುತ್ತಿದ್ದೇನೆ. ಆಗ ಯೋಚಿಸಿದೆನೋ ಇಲ್ಲವೋ ಗೊತ್ತಿಲ್ಲ. ಕಳಿಸಿದೆ.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಅಣ್ಣ ಕ್ಷೀಣವಾಗಿದ್ದರು. ಜ್ವರ ಮರಳಿತ್ತು. ನನ್ನನ್ನು ಕಂಡ ಕೂಡಲೇ ಕೇಳಿದ್ದು ಅದನ್ನೇ.

"ಅಳ್ಸುದ್ಯಾ?"

"ಅಳ್ಸುದೆ ಕಣಣ್ಣ."

"ಒಳ್ಳೇದ್ ಮಾಡ್ದೆ," ಎಂದು ಕಣ್ಣು ಮುಚ್ಚಿದರು.

ಆ ವಾರ ಕಳೆಯಲಿಲ್ಲ. ಕ್ಯಾತನಹಳ್ಳಿಯ ಅವರ ಹೊಲದಲ್ಲೇ ಮಣ್ಣು ಮಾಡಿದರು. ಸುತ್ತ ಆಳೆತ್ತರದ ಕಬ್ಬು. ಅವರ ಅವ್ವ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಲೇಬೇಕು ಎಂದು ಹಟ ಹಿಡಿದರು, ಹಾಗೇ ಕಳಿಸಿದರು. ನಾನು ಒಂದು ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಅಮ್ಮ ಬಡಿಸಿದ ಮುದ್ದೆ ಉಂಡು ಮಲಗಿದೆ. ನಿದ್ದೆಯೂ ಬಂತು. ಆಮೇಲೆ ಎಷ್ಟೋ ದಿನ ಹೀಗೇ ಇತ್ತು. ಹಲ್ಲು ಕೀಳಿಸುವಾಗ ಕೊಡುವ ಸೂಜಿಯ ಮದ್ದು ಇಳಿಯದೆ ಹಾಗೇ ಉಳಿದುಬಿಟ್ಟ ಹಾಗೆ.

ಪ್ರಬಂಧದ ಕರಡು ಬಂದಾಗ ಅಣ್ಣನ ಹೆಸರು ಸಂಶೋಧಕರ ಸಾಲಿನಲ್ಲಿ ಮೂರನೆಯದಾಗಿತ್ತು. ಡಾಕ್ಟರು ಮಾತಿಗೆ ತಪ್ಪಿರಲಿಲ್ಲ. ನನ್ನದು ನಾಲ್ಕನೆಯದು. ಅದಾದ ಕೆಲವು ದಿನಕ್ಕೆ ಡಾಕ್ಟರು ನನ್ನನ್ನು ಕರೆಸಿದರು. ಮಾಹಿತಿಯನ್ನು ಜೋಡಿಸುತ್ತಿದ್ದವರಿಗೆ ಒಂದು ಫಾರಂ ಕಣ್ಣಿಗೆ ಬಿದ್ದಿತ್ತಂತೆ. ಕ್ಯಾತನಹಳ್ಳಿ, ತೆಂಗಿನ ಮರ, ಪಂಚರ್ ಅಂಗಡಿ. ಯಾರೆಂದು ಯಾರು ಬೇಕಾದರೂ ಹೇಳಬಹುದಿತ್ತು.

"ಇದು ಅವರದ್ದೇ ಅಲ್ವಾ?" ಎಂದರು ಡಾಕ್ಟರು. "ಮಾಹಿತಿ ಕೊಟ್ಟವರ ಗುರುತನ್ನ ಬಿಟ್ಟುಕೊಡೋ ಹಾಗಿಲ್ಲ. ಸಂಶೋಧಕರ ಜೊತೆ ಅವರ ಹೆಸರು ಹಾಕಿದ್ರೆ ಈ ಫಾರಂ ಯಾರದ್ದು ಅಂತ ಓದಿದವರಿಗೆ ಗೊತ್ತಾಗಿಬಿಡುತ್ತೆ, ಹಾಗಾಗಿ ಹಾಕೋದಕ್ಕೆ ಆಗಲ್ಲ. ಅವರು ಒಪ್ಪಿಗೆ ಕೊಟ್ಟಿಲ್ಲ ಅಂದ್ರೆ ಮಾತ್ರ ಬೇರೆ. ಆಗ ಈ ಫಾರಮ್ಮನ್ನೇ ತೆಗೆದುಹಾಕಬೇಕು, ಹೆಸರು ಇಟ್ಕೋಬಹುದು. ಒಪ್ಪಿಗೆ ತಗೊಂಡಿದ್ರಿ ತಾನೆ?"

ಇಲ್ಲ ಎಂದರೆ ಸಾಕಿತ್ತು. ಎರಡಕ್ಷರ. ಫಾರಂ ಹೋಗುತ್ತಿತ್ತು, ಹೆಸರು ಉಳಿಯುತ್ತಿತ್ತು. ಆದರೆ ಒಪ್ಪಿಗೆಯಿಲ್ಲದೆ ಕಳಿಸಿದವಳು ನಾನೆಂದೂ ಆಗುತ್ತಿತ್ತು. ಮುಂದಿನ ವಾರ ಇನ್ನೊಂದು ಅಧ್ಯಯನಕ್ಕೆ ಜನರನ್ನು ಆರಿಸುವವರಿದ್ದರು. ಡಾಕ್ಟರ ಮೇಜಿನ ಮೇಲೆ ಪೆನ್ನುಗಳನ್ನು ಸಾಲಾಗಿ ಜೋಡಿಸಿದ್ದರು, ನಾನು ಅವನ್ನೇ ನೋಡುತ್ತಿದ್ದೆ.

"ತಗೊಂಡಿದ್ದೆ ಸರ್," ಎಂದೆ.

ಡಾಕ್ಟರು ನಿಟ್ಟುಸಿರು ಬಿಟ್ಟು ಕರಡಿನ ಮೂರನೆಯ ಹೆಸರಿನ ಮೇಲೆ ಒಂದು ಗೆರೆ ಎಳೆದರು. ನನಗೆ ಆ ಕೆಲಸ ಸಿಕ್ಕಿತು. ಈಗಲೂ ಅದನ್ನೇ ಮಾಡುತ್ತಿದ್ದೇನೆ. ಮನೆಮನೆಗೆ ಹೋಗಿ ಕೇಳುತ್ತೇನೆ.

ಅಚ್ಚಾದ ಪ್ರಬಂಧ ಹೋದ ತಿಂಗಳು ಕೈಗೆ ಬಂತು. ಇಂಗ್ಲಿಷಿನಲ್ಲಿದೆ. ಅಣ್ಣನ ಪ್ರಶ್ನೆಯ ಬಗ್ಗೆ ಒಂದು ಪುಟವೇ ಇದೆ, ತುಂಬ ಹೊಗಳಿದ್ದಾರೆ. ಅದನ್ನು ಕಂಡುಕೊಂಡದ್ದು 'ತಂಡ' ಎಂದಿದೆ. ಅದರ ಪ್ರತಿಯನ್ನು ಚೀಲದಲ್ಲಿಟ್ಟುಕೊಂಡೇ ಅವತ್ತು ನಾನು ಕ್ಯಾತನಹಳ್ಳಿಗೆ ಹೊರಟಿದ್ದು. ಅಣ್ಣನ ಅವ್ವನ ಮುಂದೆ ಎಲ್ಲ ಹೇಳಿಬಿಡಬೇಕೆಂದು. ಪಂಚರ್ ಹಾಕಿಸಿ ಮುಗಿಯುವಷ್ಟರಲ್ಲಿ ಹೇಳಬೇಕಾದ ಮಾತುಗಳನ್ನೂ ಜೋಡಿಸಿಕೊಂಡಿದ್ದೆ.

ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. "ಬಾ ಮಗ, ಎಷ್ಟ್ ದಿಸ ಆಯ್ತು" ಎಂದು ಜಾಗ ಬಿಟ್ಟರು. ಪ್ರತಿಯನ್ನು ಅವರ ಮಡಿಲಲ್ಲಿಟ್ಟೆ. ಅಣ್ಣ ಕೆಲಸ ಮಾಡಿದ್ದು ಅಚ್ಚಾಗಿ ಬಂದಿದೆ ಎಂದೆ. ಅಷ್ಟು ಹೇಳುವಷ್ಟರಲ್ಲಿ ಅವರು ಸೆರಗಿಗೆ ಕೈ ಒರೆಸಿಕೊಂಡು ತೋರುಬೆರಳನ್ನು ನನ್ನ ಮುಂದೆ ಚಾಚಿದರು. ಅವರಿಗೆ ಓದಲು ಬಾರದು.

"ಅವನ್ ಎಸ್ರು ಎಲ್ಲೈತೆ? ನನ್ ಬೆಟ್ ಇಡಿಸು."

ಆ ಬೆರಳು ನನ್ನ ಮುಂದೆಯೇ ಕಾಯುತ್ತಿತ್ತು. ಹಿಡಿದು ಮೂರನೆಯ ಹೆಸರಿನ ಮೇಲೆ ಇಟ್ಟೆ.

ಅಣ್ಣನನ್ನು ತೆಗೆದ ಮೇಲೆ ಕೆಳಗಿನವರು ಒಂದೊಂದು ಜಾಗ ಮೇಲೆ ಬಂದಿದ್ದರು. ಆ ಜಾಗದಲ್ಲಿ ಈಗ ಇರುವುದು ನನ್ನ ಹೆಸರು. ಅವರು ಅದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸವರಿದರು. "ಉದ್ದ ಐತೆ ಕಣವ್ವ, ಅವನ್ ಎಸ್ರು," ಎಂದು ಕಣ್ಣೊರೆಸಿಕೊಂಡರು. ನಾನು ಹೂಂ ಎಂದೆ.

ಮೊನ್ನೆ ಅಣ್ಣನ ತಮ್ಮ ಪಾಂಡವಪುರದ ಸಂತೆಯಲ್ಲಿ ಸಿಕ್ಕಿದ್ದ. ಆ ಮೊದಲ ಹಾಳೆಗೆ ಕಟ್ಟು ಹಾಕಿಸಿ ಅಣ್ಣನ ಫೋಟೋ ಪಕ್ಕದಲ್ಲಿ ನೇತುಹಾಕಿದ್ದಾರಂತೆ. ಪಕ್ಕದ ಮನೆಯ ಹುಡುಗಿ ಕಾಲೇಜಿಗೆ ಹೋಗುತ್ತಾಳೆ, ಅವಳಿಗೆ ಇಂಗ್ಲಿಷ್ ಓದಲು ಬರುತ್ತದೆ. ಅವಳು ಓದಿ ಹೇಳಿಬಿಡಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಹೇಳದಿರಲಿ ಎಂದೂ ಅನ್ನಿಸುತ್ತದೆ. ಇಲ್ಲಿಯವರೆಗೆ ಯಾರೂ ಫೋನು ಮಾಡಿಲ್ಲ. ಅಣ್ಣ ಹೋಗಿ ಎರಡು ವರ್ಷವಾಯಿತು. ಅವರ ಅವ್ವ ದಿನಾ ಬೆಳಿಗ್ಗೆ ನನ್ನ ಹೆಸರಿನ ಮೇಲೆ ಹೂವಿಡುತ್ತಿದ್ದಾರೆ.